ಕೋಕೋಪೀಟ್‌ನಲ್ಲಿ ಬಿತ್ತಿದ ಲೆಟ್ಯೂಸ್ ಸಸಿಗಳು ಹಳದಿಯಾಗುತ್ತಿವೆ, ಏನು ಗೊಬ್ಬರ ಕೊಡಲಿ?

ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿ ಲೆಟ್ಯೂಸ್ ಚೆನ್ನಾಗಿ ಮೊಳೆಯಿತು, ಆಮೇಲೆ ಬೆಳವಣಿಗೆ ನಿಂತು ಕೆಳಗಿನ ಎಲೆಗಳು ಹಳದಿಯಾಗುತ್ತಿವೆ, ಯೂರಿಯಾ ಹಾಕಲೇ, ಜೀವಾಮೃತ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಹಾಕಬೇಡಿ.

ನಾನು ಬೆಂಗಳೂರಿನಲ್ಲಿ ತಾರಸಿಯ ಮೇಲೆ ಪ್ರತಿ ಚಳಿಗಾಲ ಲೆಟ್ಯೂಸ್ ಬೆಳೆಯುತ್ತೇನೆ. ನೀವು ಹೇಳಿದ ಲಕ್ಷಣ ನೋಡಿದರೆ ಇದು ರೋಗವಲ್ಲ, ಹಸಿವು. ಕೋಕೋಪೀಟ್ ನೀರು ಹಿಡಿದಿಡುತ್ತದೆ, ಆದರೆ ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಲೆಟ್ಯೂಸ್ ಬೀಜದ ತೂಕ ಸುಮಾರು ಒಂದು ಮಿಲಿಗ್ರಾಂ. ಅಷ್ಟರಲ್ಲಿರುವ ಬುತ್ತಿ ಮೊದಲ ನಿಜವಾದ ಎಲೆ ಮೂಡುವ ಹೊತ್ತಿಗೆ ಮುಗಿದಿರುತ್ತದೆ. ಸಾರಜನಕ ಸಾಲದಾಗ ಗಿಡ ಹಳೆಯ ಎಲೆಯಿಂದ ಅದನ್ನು ಹೀರಿ ಹೊಸ ಎಲೆಗೆ ಕಳಿಸುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸಸಿ ಉದ್ದುದ್ದ ಎಳೆದುಕೊಂಡಿದ್ದರೆ ಬೇಕಾದದ್ದು ಬೆಳಕು, ಗೊಬ್ಬರವಲ್ಲ.

ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಶೇ. 19ರಷ್ಟಿರುವುದು) ಲೀಟರಿಗೆ ಅರ್ಧ ಗ್ರಾಂ ಮಾತ್ರ ಬೆರೆಸಿ, ವಾರಕ್ಕೊಮ್ಮೆ ಬುಡಕ್ಕೆ ಕೊಡಿ. ನಾಲ್ಕೈದು ಎಲೆ ಬಂದ ಮೇಲೆ ಒಂದು ಗ್ರಾಂಗೆ ಏರಿಸಬಹುದು. ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟಿದೆ, ಇಷ್ಟು ಚಿಕ್ಕ ಟ್ರೇಯಲ್ಲಿ ಒಂದು ಚಿಟಿಕೆ ಹೆಚ್ಚಾದರೂ ಬೇರು ಸುಡುತ್ತದೆ. ರಾಸಾಯನಿಕ ಬೇಡವೆನ್ನುವವರು ಚೆನ್ನಾಗಿ ಮಾಗಿದ ಎರೆಗೊಬ್ಬರವನ್ನು ಟ್ರೇಯ ಮೇಲೆ ತೆಳುವಾಗಿ ಉದುರಿಸಬಹುದು, ಫಲ ಸ್ವಲ್ಪ ನಿಧಾನ. ಕುಂಡಕ್ಕೆ ನಾಟಿ ಮಾಡುವಾಗಲಂತೂ ಮಣ್ಣಿಗೆ ಮೂರನೇ ಒಂದು ಭಾಗ ಎರೆಗೊಬ್ಬರ ಸೇರಿಸಿ. ಲೆಟ್ಯೂಸಿನ ಬೇರು ಆಳಕ್ಕಿಳಿಯುವುದಿಲ್ಲ, ಆಹಾರ ಮೇಲ್ಪದರದಲ್ಲೇ ಸಿಗಬೇಕು.

ಜೀವಾಮೃತದ ವಿಷಯದಲ್ಲಿ ನಾನು ಖಡಾಖಂಡಿತ. ಬಾಳೆಗೆ, ಮಾವಿಗೆ ಧಾರಾಳವಾಗಿ ಹಾಕಿ. ಆದರೆ ಅದರಲ್ಲಿರುವುದು ಹಸಿ ಸಗಣಿ, ಗಂಜಲ; ಲೆಟ್ಯೂಸನ್ನು ನಾವು ಬೇಯಿಸದೆ ತಿನ್ನುತ್ತೇವೆ. ಸಗಣಿಯಲ್ಲಿರಬಹುದಾದ ಇ. ಕೋಲಿಯಂಥ ಬ್ಯಾಕ್ಟೀರಿಯಾ ಎಲೆಯ ಮಡಿಕೆಯಲ್ಲಿ ಸೇರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಯೋಚಿಸಲೇಬೇಡಿ.

ಬೋರ್‌ವೆಲ್ ನೀರು ಹಾಕುವವರಾದರೆ ಟ್ರೇಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಅದು ಉಪ್ಪು. ಅಂಥ ಕಡೆ ಮಳೆನೀರಿನಿಂದಲೋ ಫಿಲ್ಟರ್ ನೀರಿನಿಂದಲೋ ತಳದಿಂದ ಹರಿದುಹೋಗುವಷ್ಟು ನೆನೆಸಿ, ಆಮೇಲೆ ಗೊಬ್ಬರ ಕೊಡಿ. ಹಳದಿಯಾದ ಎಲೆ ಮತ್ತೆ ಹಸಿರಾಗಲೆಂದು ಕಾಯಬೇಡಿ, ನಡುವಿನ ಹೊಸ ಎಲೆಯನ್ನು ಗಮನಿಸಿ.