ಕಳವಾದ ವಸ್ತುಗಳಿಗೆ ಕ್ಲೇಮ್ ಹಾಕಿದರೆ ವಿಮಾ ಕಂಪನಿ ನನ್ನನ್ನೇ ಮೋಸಗಾರ ಅನ್ನುತ್ತಿದೆ. ಏನು ಮಾಡಲಿ?

ಮನೆ ಕಳವಾದ ಮೇಲೆ ಇಂಥ ಪತ್ರ ಬಂದರೆ ಗಾಯದ ಮೇಲೆ ಬರೆ ಎಳೆದ ಹಾಗೇ. ನಾನು ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು, ಇಂಥ ಪತ್ರಗಳು ಹೇಗೆ ಹುಟ್ಟುತ್ತವೆ ಅಂತ ನೋಡಿದ್ದೇನೆ.

ಸಿಟ್ಟಿನಲ್ಲಿ ಫೋನ್ ಮಾಡಬೇಡಿ. ಆ ಮಾತೆಲ್ಲ ಸಾಮಾನ್ಯವಾಗಿ ರೆಕಾರ್ಡ್ ಆಗುತ್ತದೆ. ಬರವಣಿಗೆಯಲ್ಲೇ ಕೇಳಿ: ನಾನು ಹೇಳಿದ್ದರಲ್ಲಿ ಯಾವ ಮಾತು ಸುಳ್ಳು? ಅದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ? ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ? ನೀವು ಅವರಿಗೆ ಕೊಟ್ಟ ಹೇಳಿಕೆಯ ಪ್ರತಿಯನ್ನೂ ಕೇಳಿ. ಕಳವಾಗಿದೆ, ವಸ್ತು ನಿಮ್ಮದು ಅಂತ ತೋರಿಸುವ ಹೊಣೆ ನಿಮ್ಮದು. ಮೋಸ ನಡೆದಿದೆ ಅಂತ ಸಾಬೀತು ಮಾಡುವ ಹೊಣೆ ಅವರದು. ಬರೀ ಅನುಮಾನ ಸಾಲದು.

ಅನುಮಾನ ಬಹಳ ಸಣ್ಣ ವಿಷಯದಿಂದ ಶುರುವಾಗುತ್ತದೆ. ಪಾಲಿಸಿ ಇತ್ತೀಚೆಗೆ ಮಾಡಿಸಿದ್ದು, ವಿಮೆ ಮೊತ್ತ ಈಚೆಗೆ ಜಾಸ್ತಿ ಮಾಡಿಸಿದ್ದು, ಹೀಗೆ. ಪೊಲೀಸ್ ದೂರಿನಲ್ಲಿ ಹನ್ನೊಂದು ಗಂಟೆ, ಫಾರ್ಮ್‌ನಲ್ಲಿ ಹತ್ತೂವರೆ, ಫೋನಿನಲ್ಲಿ "ಸುಮಾರು ಹತ್ತು" ಅಂದಿದ್ದರೆ ತನಿಖೆಗೆ ಬಂದವರು ಮೂರಕ್ಕೂ ಗೆರೆ ಎಳೆಯುತ್ತಾರೆ. ಬೀಗ ಒಡೆದಿರುವುದನ್ನು ಕಂಡವರು ಗಡಿಯಾರ ನೋಡುತ್ತಾ ನಿಲ್ಲುತ್ತಾರಾ? ಅದನ್ನೇ ಬರೆಯಿರಿ. ಈಗ ಕೂತು ಮೂರನ್ನೂ ಹೊಂದಿಸಲು ಹೋಗಬೇಡಿ.

ನನಗೆ ನಿಜಕ್ಕೂ ಹೆದರಿಕೆ ಇರುವುದು ಇಲ್ಲೇ. ಬಿಲ್ ಕಳೆದುಹೋಗಿದೆ ಅಂತ ಗುರುತಿನ ಅಂಗಡಿಯವರಿಂದ ಹಳೇ ತಾರೀಖಿನ ಬಿಲ್ ಬರೆಸಿಕೊಳ್ಳುತ್ತಾರಲ್ಲ, ವಸ್ತು ನಿಜವಾಗಿ ಕಳವಾಗಿದ್ದರೂ ಈಗ ಕಂಪನಿಯ ಕೈಗೆ ಒಂದು ನಿಜವಾದ ಸುಳ್ಳು ಸಿಕ್ಕಿತು. ಒಂದು ಸುಳ್ಳಿಗೆ ಇಡೀ ಕ್ಲೇಮ್ ರದ್ದು ಎನ್ನುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಬಿಲ್ ಬದಲು ಬ್ಯಾಂಕ್ ಸ್ಟೇಟ್‌ಮೆಂಟ್, ವಾರಂಟಿ ಕಾರ್ಡ್, ಆ ವಸ್ತು ಕಾಣುವ ಹಳೇ ಫೋಟೋ, ಸೀರಿಯಲ್ ನಂಬರ್ ಇರುವ ಡಬ್ಬಿ ಕೊಡಿ.

ಬ್ರಿಟನ್ನಿನ ಒಂದು ಕೇಸ್ ಇದೆ. 2010ರಲ್ಲಿ ಡಿ.ಸಿ. ಮರ್ವೆಸ್ಟೋನ್ ಎಂಬ ಸರಕು ಹಡಗಿನ ಎಂಜಿನ್ ಕೋಣೆಗೆ ನೀರು ನುಗ್ಗಿತು. ನಷ್ಟ ನಿಜ, ಕ್ಲೇಮ್ ಕೂಡ ನ್ಯಾಯವಾದದ್ದೇ. ಆದರೆ ಹಣ ಬೇಗ ಬರಲಿ ಅಂತ ಮಾಲೀಕರ ಕಡೆಯವರು, ನೀರು ಬಂದದ್ದನ್ನು ತಿಳಿಸುವ ಅಲಾರಂ ಹೊಡೆದಿತ್ತು, ಹಡಗು ಹೊಯ್ದಾಡಿದ್ದಕ್ಕೆ ಇರಬೇಕೆಂದು ಸಿಬ್ಬಂದಿ ಅದನ್ನು ಗಮನಿಸದೆ ಬಿಟ್ಟರು ಎಂಬ ಕತೆ ಸೇರಿಸಿದರು. ಕೆಳಗಿನ ಎರಡು ಕೋರ್ಟ್‌ಗಳಲ್ಲಿ ಸೋತರು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಹುಮತದಿಂದ, ಆ ಸುಳ್ಳಿನಿಂದ ಕ್ಲೇಮಿನ ಹಕ್ಕಿಗೆ ಏನೂ ವ್ಯತ್ಯಾಸವಾಗಲಿಲ್ಲ, ಹಾಗಾಗಿ ಹಣ ಕೊಡಬೇಕು ಎಂದಿತು. ಬೇಡದ ಒಂದು ಮಾತಿಗೆ ಆರು ವರ್ಷ! ಬೇರೆ ದೇಶದ ಕೋರ್ಟ್‌ಗಳು ಇದೇ ದಾರಿ ಹಿಡಿಯಬೇಕೆಂದೇನೂ ಇಲ್ಲ. ಈಗಾಗಲೇ ಇಂಥದ್ದೇನಾದರೂ ಕೊಟ್ಟಿದ್ದರೆ ಮುಂದಿನ ಪತ್ರಕ್ಕೆ ಮೊದಲು ವಕೀಲರನ್ನು ನೋಡಿ.

ಕಂಪನಿಯ ದೂರು ವಿಭಾಗಕ್ಕೆ ಬರೆದರೂ ಆಗದಿದ್ದರೆ ಒಂಬುಡ್ಸ್‌ಮನ್, ಅಂದರೆ ಇಂಥ ದೂರುಗಳನ್ನು ಕಂಪನಿಯ ಹೊರಗೆ ನಿಂತು ವಿಚಾರಿಸುವವರ ಹತ್ತಿರ ಹೋಗಬಹುದು. ಭಾರತ, ಬ್ರಿಟನ್ ಎರಡೂ ಕಡೆ ಈ ವ್ಯವಸ್ಥೆ ಇದೆ, ದೂರು ಕೊಡಲು ಶುಲ್ಕವಿಲ್ಲ. ಗಡುವು ಮೀರದಂತೆ ನೋಡಿಕೊಳ್ಳಿ.

ಬೇಜಾರಾಗಿ ಸುಮ್ನೆ ಕ್ಲೇಮ್ ವಾಪಸ್ ತೆಗೆದುಕೊಳ್ಳಬೇಡಿ. ಹಲವು ದೇಶಗಳಲ್ಲಿ ವಿಮಾ ಕಂಪನಿಗಳು ಇಂಥ ಆರೋಪಗಳ ಮಾಹಿತಿಯನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ನಾಳೆ ಬೇರೆ ಕಡೆ ಪಾಲಿಸಿ ಕೇಳಿದಾಗ ಅದು ಅಡ್ಡ ಬರಬಹುದು. ನಿಮ್ಮ ಹೆಸರಿನ ಮುಂದೆ ಏನು ದಾಖಲಿಸಿದ್ದಾರೆ ಅಂತ ಕೇಳಿ. ಆರೋಪ ಬಿದ್ದುಹೋದರೆ ಅದನ್ನು ಅಳಿಸಿದ್ದಾರೆ ಎಂಬುದಕ್ಕೂ ಪತ್ರ ಪಡೆದುಕೊಳ್ಳಿ.