ಒಂದೇ ದೇಶದ ಕಾರ್ಮಿಕರ ವೇತನದಲ್ಲಿ ಇಷ್ಟು ಅಂತರವೇಕೆ?

ಪೀಣ್ಯದ ಲೇತ್ ಕೆಲಸಗಾರನಿಗೂ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರಿಗೂ ಸಂಬಳದಲ್ಲಿ ಇಷ್ಟು ಅಂತರವೇಕೆ ಎಂಬುದಕ್ಕೆ ಕೌಶಲ್ಯವೇ ಕಾರಣವೆಂಬ ಉತ್ತರ ಸರಿಯಾದರೂ ಅಪೂರ್ಣ. ಡಾಲರಿನಲ್ಲಿ ಮಾರಾಟವಾಗುವ ಸೇವೆಯಲ್ಲಿ ತಲಾ ಉತ್ಪಾದನೆಯ ಮೌಲ್ಯ ಹೆಚ್ಚಿರುವುದರಿಂದಲೂ, ನುರಿತವರು ಸುಲಭವಾಗಿ ಕಂಪನಿ ಬದಲಿಸಬಲ್ಲರಾದ್ದರಿಂದಲೂ ಅಲ್ಲಿ ಸಂಬಳ ಏರುತ್ತದೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಬಹುಪಾಲು ಕಾರ್ಮಿಕರು ಮಹಿಳೆಯರು. ಹೊಲಿಗೆಯೂ ಕೌಶಲ್ಯವೇ (ಇದನ್ನು ಮರೆಯುವವರೇ ಹೆಚ್ಚು), ಆದರೆ ಮನೆ, ಮಕ್ಕಳ ಹೊಣೆಯಿಂದಾಗಿ ದೂರದ ಕೆಲಸಕ್ಕೆ ಹೋಗಲಾಗದವರಿಗೆ ಚೌಕಾಸಿಯ ಬಲ ಕಡಿಮೆಯಾಗಿ, ಕೂಲಿ ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಲ್ಲುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯ ಕಾಲದಿಂದಲೂ ಆ ದರ ರಾಜ್ಯಕ್ಕೆ, ಉದ್ಯೋಗಕ್ಕೆ ತಕ್ಕಂತೆ ಬೇರೆಬೇರೆ. ಒಂದೇ ಬಗೆಯ ಕೆಲಸಕ್ಕೆ ಸಮಾನ ವೇತನವೆಂಬ ನಿಯಮ 1976ರ ಕಾಯ್ದೆಯ ಕಾಲದಿಂದಲೂ ಇದ್ದರೂ, ಹೆಣ್ಣು ಗಂಡಿನ ಕೆಲಸಗಳೇ ಬೇರೆಯಾಗಿ ಹಂಚಿಹೋಗಿರುವಲ್ಲಿ ಅದರ ಹಿಡಿತ ಸಡಿಲ.