ಕ್ಲಾಸ್-ಡಿ ಆಂಪ್ಲಿಫೈಯರ್: ಮಾಸ್‌ಫೆಟ್‌ಗಿಂತ ಮೊದಲು ಇಂಡಕ್ಟರ್ ಆರಿಸಿ

ಸಬ್‌ವೂಫರ್‌ಗೆ (ಬಾಸ್ ದನಿಯ ಸ್ಪೀಕರ್‌ಗೆ) ಕ್ಲಾಸ್-ಡಿ ಆಂಪ್ಲಿಫೈಯರ್, ಅಂದರೆ ಸಿಗ್ನಲ್ಲನ್ನು ವೇಗದ ಆನ್-ಆಫ್ ಆಗಿಸಿ ವರ್ಧಿಸುವ ಆಂಪ್ಲಿಫೈಯರ್, ಕಟ್ಟಲು ಯಾವ ಮಾಸ್‌ಫೆಟ್ (ಇಲ್ಲಿ ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆಯಿಂದ ಆರಂಭಿಸಿದವನು. ಪ್ಲಸ್-ಮೈನಸ್ 30 ವೋಲ್ಟ್ ಸಪ್ಲೈ, ಎಲ್‌ಎಂ311 ಕಂಪ್ಯಾರೇಟರ್, ಮಾಸ್‌ಫೆಟ್‌ಗಳನ್ನು ಆನ್-ಆಫ್ ಮಾಡಿಸುವ ಐಆರ್2110 ಡ್ರೈವರ್, ಎರಡು ಐಆರ್‌ಎಫ್540 ಮಾಸ್‌ಫೆಟ್, 4 ಓಮ್‌ನ ವೂಫರ್ — ಇಷ್ಟೇ ನನ್ನ ಸರ್ಕ್ಯೂಟ್. ಮಾಸ್‌ಫೆಟ್‌ಗಳ ಡೇಟಾಶೀಟ್‌ಗಳನ್ನು ಹಗಲಿರುಳು ಓದಿದ ನಾನು, ಔಟ್‌ಪುಟ್ ಇಂಡಕ್ಟರನ್ನು (ಕರೆಂಟಿನ ಹಠಾತ್ ಏರಿಳಿತವನ್ನು ತಡೆಯುವ ತಂತಿ ಸುರುಳಿಯನ್ನು) ಮಾತ್ರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ 22 ಮೈಕ್ರೊಹೆನ್ರಿ ಎಂಬ ಒಂದೇ ಅಂಕಿ ನೋಡಿ ಕೊಂಡೆ.

ಈ ಆಂಪ್ಲಿಫೈಯರ್‌ನಲ್ಲಿ ಕಂಪ್ಯಾರೇಟರ್ ಆಡಿಯೊ ಸಿಗ್ನಲ್ಲನ್ನು 200 ಕಿಲೋಹರ್ಟ್ಸ್‌ನ ತ್ರಿಕೋನ ತರಂಗದೊಂದಿಗೆ ಹೋಲಿಸುತ್ತದೆ. ಸಿಗ್ನಲ್ ಸೊನ್ನೆಯಲ್ಲಿದ್ದಾಗ 5 ಮೈಕ್ರೊಸೆಕೆಂಡಿನ ಪ್ರತಿ ಆವರ್ತದಲ್ಲಿ ಪ್ಲಸ್ 30ಕ್ಕೆ ಸೇರಿದ ಮೇಲಿನ ಮತ್ತು ಮೈನಸ್ 30ಕ್ಕೆ ಸೇರಿದ ಕೆಳಗಿನ ಮಾಸ್‌ಫೆಟ್‌ಗಳು ಎರಡೂವರೆ ಮೈಕ್ರೊಸೆಕೆಂಡ್‌ನಂತೆ ಆನ್ ಆಗುತ್ತವೆ; ಸಿಗ್ನಲ್ ಏರಿ ಆ ಸಮಯಗಳು 4 ಮತ್ತು 1 ಮೈಕ್ರೊಸೆಕೆಂಡ್ ಆದರೆ ಸರಾಸರಿ ಔಟ್‌ಪುಟ್ 18 ವೋಲ್ಟ್ ಆಗುತ್ತದೆ. ಪೂರ್ತಿ ಆನ್ ಆದ ಮಾಸ್‌ಫೆಟ್‌ನಲ್ಲಿ ವೋಲ್ಟೇಜ್ ಬಹಳ ಕಡಿಮೆ, ಪೂರ್ತಿ ಆಫ್ ಆದುದರಲ್ಲಿ ಕರೆಂಟ್ ಇಲ್ಲ. ಆದ್ದರಿಂದಲೇ ಅವು ಹೆಚ್ಚು ಬಿಸಿಯಾಗುವುದಿಲ್ಲ. ಎರಡೂ ಒಟ್ಟಿಗೆ ಆನ್ ಆಗದಂತೆ ನಡುವೆ ಕೆಲವು ಹತ್ತು ನ್ಯಾನೊಸೆಕೆಂಡುಗಳ ಡೆಡ್ ಟೈಮ್ (ಎರಡೂ ಆಫ್ ಇರುವ ಬಿಡುವು) ಬೇಕು. ಹೀಗೆ ಆನ್-ಆಫ್‌ನಿಂದ ಹುಟ್ಟುವ ಚೌಕ ತರಂಗದಿಂದ ಸರಾಸರಿಯನ್ನು, ಅಂದರೆ ಸಂಗೀತವನ್ನು, ಹೊರತೆಗೆಯುವುದು ಇಂಡಕ್ಟರ್ ಮತ್ತು ಕೆಪಾಸಿಟರ್: 22 ಮೈಕ್ರೊಹೆನ್ರಿಗೆ 0.68 ಮೈಕ್ರೊಫ್ಯಾರಡ್ ಸೇರಿದರೆ ಕಟಾಫ್ (ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಗಳು ತಗ್ಗುವ ಮಿತಿ) ಸುಮಾರು 41 ಕಿಲೋಹರ್ಟ್ಸ್.

ನಾನು ತಂದ ಚಿಕ್ಕ ಫೆರೈಟ್ ಇಂಡಕ್ಟರ್ 3 ಆಂಪಿಯರ್ ದಾಟಿದೊಡನೆ ಸ್ಯಾಚುರೇಟ್ ಆಗುತ್ತಿತ್ತು, ಅಂದರೆ ಅದರ ಕೋರ್ (ತಂತಿ ಸುತ್ತಿದ ಕಾಂತೀಯ ತಿರುಳು) ಇನ್ನಷ್ಟು ಕಾಂತೀಯಗೊಳ್ಳಲಾರದ ಮಿತಿ ತಲುಪುತ್ತಿತ್ತು. 30 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ನ ಪೀಕ್ ಕರೆಂಟ್ ಏಳೂವರೆ ಆಂಪಿಯರ್ ತಲುಪಬಹುದು, ಅದರ ಮೇಲೆ ಸ್ವಿಚಿಂಗ್ ರಿಪಲ್ (ಮಾಸ್‌ಫೆಟ್‌ಗಳ ಆನ್-ಆಫ್‌ನಿಂದಾಗುವ ಕರೆಂಟಿನ ಏರಿಳಿತ) ಬೇರೆ. ಮೆಲುದನಿಯಲ್ಲಿ ಎಲ್ಲವೂ ಸೊಗಸಾಗಿ ಕೇಳುತ್ತಿದ್ದುದರಿಂದ ಈ ದೋಷ ಅಡಗಿಕೊಂಡಿತ್ತು. ವಾಲ್ಯೂಮ್ ಏರಿಸಿದಾಗ ಬಾಸ್‌ನ ಪ್ರತಿ ಹೊಡೆತಕ್ಕೂ ಕೋರ್ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಕುಸಿಯುತ್ತಿತ್ತು, ಕರೆಂಟ್‌ಗೆ ತಡೆಯಿಲ್ಲದೆ ಅದು ನೆಟ್ಟಗೆ ಏರುತ್ತಿತ್ತು, ಅದನ್ನು ಗಮನಿಸಿ ಡ್ರೈವ್ ನಿಲ್ಲಿಸುವ ಓವರ್‌ಕರೆಂಟ್ ರಕ್ಷಣೆ ನನ್ನ ಸರ್ಕ್ಯೂಟ್‌ನಲ್ಲಿ ಇರಲಿಲ್ಲ. ಕೊನೆಗೆ ಮೇಲಿನ ಮಾಸ್‌ಫೆಟ್ ಶಾರ್ಟ್ ಆಯಿತು. 30 ವೋಲ್ಟ್ ಡಿಸಿ ನೇರವಾಗಿ ವೂಫರ್‌ನ ವಾಯ್ಸ್ ಕಾಯಿಲ್‌ಗೆ (ಸ್ಪೀಕರನ್ನು ಅಲುಗಿಸುವ ತಂತಿ ಸುರುಳಿಗೆ) ಹರಿದು, 225 ವ್ಯಾಟ್‌ನಷ್ಟು ಶಕ್ತಿ ಬರೀ ಶಾಖವಾಯಿತು. ಮಾಸ್‌ಫೆಟ್ ಅಗ್ಗದ್ದು, ವೂಫರ್ ಅಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಾದ ಕಡೆಯಿಂದ ಹೊರಟಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಈ ವೋಲ್ಟೇಜಿಗೆ 100 ವೋಲ್ಟ್‌ನ ಸಾಧಾರಣ ಮಾಸ್‌ಫೆಟ್ ಸಾಕು. ಇಂಡಕ್ಟರಿಗೆ ಕೆಂಪು ಬಣ್ಣದ ಟಿ106-2 ಟೊರಾಯ್ಡ್ (ಬಳೆಯಾಕಾರದ ಕೋರ್) ತಂದು, ದಪ್ಪ ಎನಾಮಲ್ ತಂತಿಯನ್ನು 40 ಸುತ್ತು ಸುತ್ತಿದರೆ ಸುಮಾರು 22 ಮೈಕ್ರೊಹೆನ್ರಿ ಸಿಗುತ್ತದೆ, ಇಷ್ಟು ಕರೆಂಟಿಗೆ ಅದು ಜಗ್ಗುವುದಿಲ್ಲ. ಹಳೆಯ ಕಂಪ್ಯೂಟರ್ ಪವರ್ ಸಪ್ಲೈಯಿಂದ ಬಿಚ್ಚಿದ ಹಳದಿ-ಬಿಳಿ ಟೊರಾಯ್ಡ್ ಬೇಡವೇ ಬೇಡ. ಈ ಫ್ರೀಕ್ವೆನ್ಸಿಯಲ್ಲಿ ಅದರ ಕೋರ್ ನಷ್ಟ ಹೆಚ್ಚು, ಸಂಗೀತ ಇಲ್ಲದಾಗಲೂ ಬಿಸಿಯೇರುತ್ತದೆ.

ಸ್ಪೀಕರ್ ಜೋಡಿಸುವ ಮೊದಲು 4 ಓಮ್‌ನ ದೊಡ್ಡ ರೆಸಿಸ್ಟರನ್ನು ಲೋಡ್ ಆಗಿಟ್ಟು, ಇಂಡಕ್ಟರಿನ ಕರೆಂಟನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ರಿಪಲ್‌ನ ಗೆರೆಗಳು ನೇರವಾಗಿದ್ದರೆ ಇಂಡಕ್ಟರ್ ಸರಿಯಿದೆ. ಪೀಕ್‌ನ ಹತ್ತಿರ ತುದಿಗಳು ಚೂಪಾಗಿ ಮೇಲಕ್ಕೆ ಬಾಗುತ್ತಿದ್ದರೆ ಕೋರ್ ಸ್ಯಾಚುರೇಟ್ ಆಗುತ್ತಿದೆ, ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೂ ಔಟ್‌ಪುಟ್‌ನಲ್ಲಿ ಡಿಸಿ ಕಂಡೊಡನೆ ಸಂಪರ್ಕ ಕಡಿಯುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕದೆ ವೂಫರ್ ಜೋಡಿಸಬೇಡಿ. ಆ ರಿಲೇಯ ಕಾಂಟ್ಯಾಕ್ಟ್‌ಗಳು 30 ವೋಲ್ಟ್ ಡಿಸಿಯನ್ನು ಆ ಕರೆಂಟಿನಲ್ಲಿ ಕಡಿಯಬಲ್ಲವೇ ಎಂಬುದನ್ನೂ ಡೇಟಾಶೀಟ್‌ನಲ್ಲಿ ನೋಡಿಕೊಳ್ಳಿ.